ವಾತಾಪಿಯ ಗಣಪತಿ



ಈ ಚೆನ್ನೈ ನಗರದಲ್ಲಿ ಮಾರ್ಗಶಿರದ ಸಂಗೀತೋತ್ಸವ ಮೊದಲಾಯಿತೆಂದರೆ, ಯಾವ ಸಭೆಯ ಬಾಗಿಲನ್ನು ಹೊಕ್ಕರೂ, ಕಚೇರಿಯ ಪ್ರಾರಂಭದಲ್ಲಿಯೇ ನಮ್ಮ ಬಾದಾಮಿಯ ಹೆಸರು ಕಿವಿಗೆ ಬೀಳುವ ಸಂಭವವುಂಟು. ಹಾಡುವವರಿಗೆ ಆ ಅರಿವು ಇರಲಿ ಬಿಡಲಿ, ತಿರುವಾರೂರಿನ ಮುತ್ತುಸ್ವಾಮಿ ದೀಕ್ಷಿತರು ರಚಿಸಿದ ‘ವಾತಾಪಿ ಗಣಪತಿಂ’ ಕೃತಿಯ ಮೊದಲ ಪದವೇ ಚಾಲುಕ್ಯರ ರಾಜಧಾನಿಯ ಪ್ರಾಚೀನ ನಾಮಧೇಯವಾಗಿದೆ.

ಮಧ್ಯಮ ಧೈವತಗಳನ್ನು ತೊರೆದು ಐದೇ ಸ್ವರಗಳಲ್ಲಿ ನಿಲ್ಲುವ, ಈ ಕೃತಿಯ ರಾಗವಾದ ಹಂಸಧ್ವನಿಯು ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರ ಸೃಷ್ಟಿಯೆಂದು ಸಂಪ್ರದಾಯಜ್ಞರು ಹೇಳುವರು. ಆದರೆ ಪಲ್ಲವಿಯನ್ನು ಅಲೆಯಲೆಯಾಗಿ ಎತ್ತರಕ್ಕೊಯ್ಯುವ ಇಂದಿನ ಸಂಗತಿಗಳ ವೈಭವದಲ್ಲಿ ಬಹುಪಾಲು ಮಹಾವೈದ್ಯನಾಥ ಅಯ್ಯರವರ (1844–1893) ಕಾಣಿಕೆಯೆಂಬುದು ವಿದ್ವಾಂಸರ ಮಾತು. 1904ರಲ್ಲಿ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಮುದ್ರಿಸಿದ ಪಾಠದಲ್ಲಿ ಈ ಆಡಂಬರವಿಲ್ಲ. ಮುಂದೆ ಭೇಂಡಿಬಜಾರ್ ಘರಾಣೆಯ ಅಮಾನ್ ಅಲಿ ಖಾನರು ಇದೇ ರಾಗವನ್ನು ಉತ್ತರಾದಿಯ ಬಂದಿಶ್‌ಗೆ ಒಲಿಸಿಕೊಂಡರು.

ಇನ್ನು ಕಥೆ. 642ರಲ್ಲಿ ಪಲ್ಲವ ನರಸಿಂಹವರ್ಮನು ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ವಾತಾಪಿಯನ್ನು ಹಿಡಿದಾಗ, ದಂಡನಾಯಕ ಪರಂಜ್ಯೋತಿಯು ಅಲ್ಲಿಯ ಗಣಪತಿಯನ್ನು ತನ್ನೂರಾದ ತಿರುಚ್ಚೆಂಗಾಟ್ಟಂಗುಡಿಗೆ ಹೊತ್ತು ತಂದನೆಂದು ಎಲ್ಲರೂ ಬಲ್ಲರು. ವಾತಾಪಿ ಬಿದ್ದುದು ನಿಜ. ಬಾದಾಮಿಯ ಬಂಡೆಯ ಮೇಲೆ ಗೆದ್ದವನ ಶಾಸನವೇ ಇದೆ. ಆದರೆ ಆ ದಂಡನಾಯಕನ ಚರಿತವನ್ನು ಹಾಡುವ, 12ನೆಯ ಶತಮಾನದ ‘ಪೆರಿಯ ಪುರಾಣ’ವು ಅವನು ತಂದ ಆನೆ, ಕುದುರೆ, ರತ್ನಗಳನ್ನು ಹೇಳಿ, ವಿಗ್ರಹದ ಮಾತನ್ನೇ ಎತ್ತುವುದಿಲ್ಲ. ದೀಕ್ಷಿತರ ಚರಣವೂ ಸೇನಾನಿಯನ್ನು ಸ್ಮರಿಸದೆ, ಪೂರ್ವದಲ್ಲಿ ಈ ಮೂರ್ತಿಯನ್ನು ಪೂಜಿಸಿದವನು ಅಗಸ್ತ್ಯನೆನ್ನುತ್ತದೆ. ವಾತಾಪಿಯೆಂಬ ರಕ್ಕಸನನ್ನು ಉಂಡು ಅರಗಿಸಿಕೊಂಡ ಆ ಅಗಸ್ತ್ಯ! ಉಂಡ ಮಗುವಿನ ಹೊಟ್ಟೆಯನ್ನು ಸವರುತ್ತ ‘ವಾತಾಪಿ ಜೀರ್ಣೋಭವ’ ಎಂದ ನಮ್ಮ ಅಜ್ಜಿಯರು ಸಾಹಿತ್ಯಾರ್ಥಕ್ಕೆ ಚರಿತ್ರಕಾರರಿಗಿಂತ ಸಮೀಪದಲ್ಲಿದ್ದರೋ ಏನೋ! ಸೆರೆಯಾಳು ದೇವರ ಕಥೆಯು ಬಹಳ ಈಚೆಗೆ ಹಾಡಿನ ಜನಪ್ರಿಯತೆಯನ್ನೇ ಹಿಡಿದು ಬೆಳೆದುದೆಂದು ನನ್ನ ಅಭಿಪ್ರಾಯ. ಒಪ್ಪದವರೊಡನೆ ನಾನು ಜಗಳಕ್ಕೆ ನಿಲ್ಲುವವನಲ್ಲ.

ಕೊಂಡೊಯ್ದ ಕಥೆಗೆ ಆಧಾರ ಸಾಲದಾದರೂ, ಹಿಂದಿರುಗಿಸಿದ ಕಥೆಗೆ ಕಲ್ಲಿನ ಸಾಕ್ಷ್ಯವಿದೆ. ಸುಮಾರು ನೂರು ವರ್ಷಗಳ ತರುವಾಯ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು, ಇಂದಿನ ಕೈಲಾಸನಾಥ ದೇವಾಲಯವಾದ ರಾಜಸಿಂಹೇಶ್ವರದ ಸಂಪತ್ತನ್ನು ಕಂಡು, ಅದನ್ನು ಅಪಹರಿಸದೆ ದೇವರಿಗೇ ಬಿಟ್ಟುಕೊಟ್ಟನೆಂದು ಅಲ್ಲಿ ಕನ್ನಡದಲ್ಲಿ ಬರೆಸಿದೆ. ಕಂಚಿಗೆ ಹೋದಾಗ, ಕೈಲಾಸನಾಥನ ದರ್ಶನವಾದ ಮೇಲೆ ಮುಂದಿನ ಮಂಟಪದ ಕಂಬಗಳ ಹಿಂಬದಿಗೆ ಸುತ್ತಿಕೊಂಡು ಹೋಗಿರಿ. ಆ ಅಕ್ಷರಗಳು ಎದುರಿಗೆ ನಿಂತವರಿಗೆ ಕಾಣುವುದಿಲ್ಲ.