ಆಕಾಶದಲ್ಲೊಂದು ಸರದಿ

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ರೈತರಿಗೆ ಕಾಲುವೆಯ ಸರದಿ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಮೇಲ್ಭಾಗದವರು ಹೆಚ್ಚು ನೀರು ಹಾಯಿಸಿಕೊಂಡರೆ ಕೊನೆಭಾಗದ ಹೊಲ ಒಣಗುತ್ತದೆ. ಆಕಾಶದಲ್ಲಿಯೂ ಇಂಥದೊಂದು ಸರದಿಯುಂಟು. ವ್ಯತ್ಯಾಸವಿಷ್ಟೆ: ರೇಡಿಯೋ ಅಲೆಗಳ ಹಾದಿ ಬಳಸಿದಷ್ಟಕ್ಕೂ ಸವೆಯುವುದಿಲ್ಲ, ಆದರೆ ಒಂದೇ ಆವರ್ತನದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಕೆಡುತ್ತದೆ.

ಆ ಹಾದಿಯಲ್ಲಿ ಬಾನುಲಿ ಕೇಂದ್ರಗಳ ನೆರೆಯವರು ಹವ್ಯಾಸಿ ರೇಡಿಯೋದವರು. 'ಹ್ಯಾಮ್' ಎಂಬುದು ಅವರ ರೂಢಿಯ ಹೆಸರು. ಪರೀಕ್ಷೆ ಕೊಟ್ಟು, ಸರ್ಕಾರದ ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ ಸಂಭಾಷಿಸುವವರು ಇವರು.

7,100ರಿಂದ 7,200 ಕಿಲೋಹರ್ಟ್ಸ್‌ವರೆಗಿನ ಪಟ್ಟಿಯನ್ನೇ ನೋಡಿ. ಹಿಂದೆ ಅದು ಅಮೆರಿಕ ಖಂಡಗಳಲ್ಲಿ ಹವ್ಯಾಸಿಗಳ ಪಾಲು, ಏಷ್ಯಾ ಯೂರೋಪುಗಳಲ್ಲಿ ಬಾನುಲಿಯ ಪಾಲು. ಅಲೆಗಳಿಗೆ ಗಡಿಯೆಲ್ಲಿ? ರಾತ್ರಿಯಾದೊಡನೆ ಅವು ಸಾವಿರಾರು ಮೈಲಿ ಸಾಗುತ್ತವೆ. ಲಕ್ಷಗಟ್ಟಲೆ ವ್ಯಾಟಿನ ಕೇಂದ್ರದೆದುರು ನೂರು ವ್ಯಾಟಿನ ಹವ್ಯಾಸಿಯ ದನಿ ಅಡಗಿಹೋಗುತ್ತಿತ್ತು. 2003ರಲ್ಲಿ ಜಿನೀವಾದ ವಿಶ್ವ ಸಮ್ಮೇಳನ ಇದಕ್ಕೊಂದು ತೀರ್ಮಾನ ಮಾಡಿತು. 2009ರ ಮಾರ್ಚ್ 29ರಿಂದ ಬಾನುಲಿಯವರು ಆ ಪಟ್ಟಿಯನ್ನು ಹವ್ಯಾಸಿಗಳಿಗೆ ಬಿಡಬೇಕು. ಬದಲಿಗೆ 7,350ರಿಂದ 7,450ರವರೆಗಿನ ಎಡೆ ಬಾನುಲಿಗೆ. ಬಲವಾದವರು ಸರಿದು ಜಾಗ ಕೊಟ್ಟ ಸಂಗತಿಯಿದು.

ಹವ್ಯಾಸಕ್ಕೇಕೆ ಇಷ್ಟು ಮರ್ಯಾದೆ ಎನ್ನುವಿರಾ? 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಹವ್ಯಾಸಿಗಳ ತಂಡವೊಂದು ಪೋರ್ಟ್‌ಬ್ಲೇರಿನಲ್ಲಿತ್ತು. ಟೆಲಿಫೋನುಗಳು ಮೂಕವಾದಾಗ, ದ್ವೀಪದವರ ಕ್ಷೇಮವಾರ್ತೆಯನ್ನು ದೂರದ ಬಂಧುಗಳಿಗೆ ಮುಟ್ಟಿಸಲು ಅವರು ದುಡಿದರು. ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಸೀಮೆಯೂ 2009ರ ಅಕ್ಟೋಬರಿನ ನೆರೆಯನ್ನು ಕಂಡಿದೆ. ಅಂಥ ಹೊತ್ತಿನಲ್ಲಿ ಕ್ಷೀಣವಾದ ಒಂದು ದನಿ ಕೇಳಿಸುವುದೋ ಇಲ್ಲವೋ ಎಂಬುದು ಜೀವದ ಪ್ರಶ್ನೆ.

ಇಂದಿನ ತೊಡಕು ನಮ್ಮ ಮನೆಯಿಂದಲೂ ಹೊರಡುತ್ತದೆ. ಅಗ್ಗದ ಎಲ್‌ಇಡಿ ದೀಪ, ಚಾರ್ಜರುಗಳು ಕಿರುತರಂಗದಲ್ಲಿ ಗೊರಗೊರ ಸದ್ದೆಬ್ಬಿಸುತ್ತವೆ. ಬ್ಯಾಟರಿ ರೇಡಿಯೋ ಹಚ್ಚಿ, ಅವನ್ನು ಒಂದೊಂದಾಗಿ ಆರಿಸಿ ನೋಡಿ. ತಪ್ಪಿತಸ್ಥ ತಾನೇ ಸಿಕ್ಕಿಬೀಳುತ್ತದೆ.

ಹವ್ಯಾಸಿಯಾದವನು ಕರೆ ಕೊಡುವ ಮುನ್ನ ಕಿವಿಗೊಟ್ಟು ಆಲಿಸುತ್ತಾನೆ; 'ಇಲ್ಲಿ ಯಾರಾದರೂ ಇದ್ದೀರಾ?' ಎಂದು ಕೇಳುತ್ತಾನೆ. ಮೊದಲು ಕಿವಿ, ಆಮೇಲೆ ಬಾಯಿ. ಕಾಲುವೆಯ ಮೇಲಾಗಲಿ, ಆಕಾಶದಲ್ಲಾಗಲಿ, ಹಂಚಿಕೊಂಡು ಬಾಳುವವರಿಗೆ ಇದಕ್ಕಿಂತ ಹೆಚ್ಚಿನ ನಿಯಮ ಬೇಕಿಲ್ಲ.