ದಣಿವು, ತಣಿವು ಮತ್ತು ಘಟ್ಟದ ದಾರಿ

ಕನ್ನಡದ 'ತಣಿ' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಕಾವು ಕಳೆದು ತಂಪಾಗುವುದು ಒಂದು. ಬೇಕಾದದ್ದು ದೊರೆತು ತೃಪ್ತಿ ಹೊಂದುವುದು ಇನ್ನೊಂದು. ಅದರ ನೆರೆಯಲ್ಲಿಯೇ 'ದಣಿ' ಎಂಬ ಮಾತೂ ಇದೆ. ದುಡಿದದ್ದು ದಣಿಯುತ್ತದೆ, ದಣಿದದ್ದು ತಣಿಯಬೇಕು. ಇದು ಮೈಗೂ ನಿಜ, ಮನಸ್ಸಿಗೂ ನಿಜ. ಯಂತ್ರಕ್ಕೂ ಅಷ್ಟೇ ನಿಜವೆಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಜೀವಮಾನವೆಲ್ಲ ಕನ್ನಡದ ಪಾಠ ಹೇಳಿದವನು ಮೋಟಾರು ಗಾಡಿಯ ಗೇರ್‌ಬಾಕ್ಸಿನ ಎಣ್ಣೆಯನ್ನು ಕುರಿತು ಮಾತಾಡುವುದು ಕೇಳುವವರಿಗೆ ವಿಚಿತ್ರವೆನಿಸಬಹುದು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಬಾಳುವವನು ಘಟ್ಟವನ್ನು ಬಿಟ್ಟು ಬಹಳ ಹೊತ್ತು ಮಾತಾಡಲಾರ. ಘಟ್ಟ ಹತ್ತುವ ಗಾಡಿಯ ಸುಖದುಃಖವೂ ನಮ್ಮ ಬದುಕಿನದೇ ಒಂದು ಭಾಗ.

ಶಿರಸಿಯು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಸುಮಾರು 60 ಕಿಲೋಮೀಟರು ದೂರದ ಕುಮಟೆ ಸಮುದ್ರದ ದಡದಲ್ಲಿದೆ. ನಡುವೆ ದೇವಿಮನೆ ಘಟ್ಟ. ಯಲ್ಲಾಪುರದವರಿಗೆ ಅಂಕೋಲೆಯ ಕಡೆಗೆ ಅರಬೈಲು ಘಟ್ಟ, ಸಿದ್ದಾಪುರದವರಿಗೆ ಕುಮಟೆಯ ಕಡೆಗೆ ದೊಡ್ಮನೆ ಘಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಈ ಘಟ್ಟಗಳನ್ನಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಪರದೇಶದ ಪೇಟೆಗಳಲ್ಲಿ ಅದಕ್ಕೆ ಕುಮಟಾ ಹತ್ತಿಯೆಂಬ ಹೆಸರೇ ನಿಂತಿತು. ಮರಳಿ ಘಟ್ಟ ಹತ್ತುವ ಎತ್ತುಗಳನ್ನು ನಡುವೆ ಬಿಚ್ಚಿ, ನೀರು ಕುಡಿಸಿ, ನೆರಳಿನಲ್ಲಿ ನಿಲ್ಲಿಸದೆ ಮುಂದೆ ಹೊಡೆಯುವ ಗಾಡಿಕಾರನಿರಲಿಲ್ಲ. ಎತ್ತಿನ ಬಾಯಿಯ ನೊರೆಯನ್ನೂ ಪಕ್ಕೆಯ ಏರಿಳಿತವನ್ನೂ ಕಂಡವನಿಗೆ ದಣಿವು ಕಣ್ಣಿಗೆ ಕಾಣುತ್ತಿತ್ತು. ಕಂಡದ್ದಕ್ಕೆ ಉಪಚಾರವೂ ನಡೆಯುತ್ತಿತ್ತು.

ಆಮೇಲೆ ಜೀಪು ಬಂತು. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕೆಯಲ್ಲಿ ಹುಟ್ಟಿದ ಈ ಗಾಡಿ, 1947ರಿಂದ ಮಹೀಂದ್ರ ಕಂಪನಿಯ ಕೈಯಲ್ಲಿ ನಮ್ಮ ದೇಶದಲ್ಲಿಯೇ ಜೋಡಣೆಯಾಗತೊಡಗಿತು. ನಾಲ್ಕೂ ಚಕ್ರಗಳಿಗೆ ಬಲ ಸಿಗುವುದರಿಂದ ಅಡಿಕೆ ತೋಟದ ಕೊಳ್ಳಗಳಿಗೂ ಕೆಸರಿನ ಏರುಗಳಿಗೂ ಅದು ಹೇಳಿ ಮಾಡಿಸಿದಂತಿತ್ತು. ಆ ಕಾಲದ ಚಾಲಕರಿಗೂ ಗಾಡಿಯ ದಣಿವು ಕಾಣುತ್ತಿತ್ತು. ರೇಡಿಯೇಟರಿನ ನೀರು ಕುದಿದು ಹಬೆಯೇಳುತ್ತಿತ್ತು, ಕ್ಲಚ್ಚು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬೇಸಗೆಯಲ್ಲಿ ಪೆಟ್ರೋಲು ಪಂಪು ಕಾದು ಎಂಜಿನ್ನು ನಿಂತರೆ, ಒದ್ದೆ ಬಟ್ಟೆಯೊಂದನ್ನು ಅದರ ಮೇಲೆ ಹೊದಿಸಿ ಒಂದು ಬೀಡಿ ಮುಗಿಯುವವರೆಗೆ ಕಾಯುತ್ತಿದ್ದರು. ಕಂಪನಿ ಕೊಡದೆ ನಾವೇ ಗಾಡಿಗೆ ಜೋಡಿಸಿಕೊಂಡ ಮೊದಲ ತಂಪುಸಾಧನ ಆ ಒದ್ದೆ ಬಟ್ಟೆಯೇ ಇರಬೇಕು.

ಈಚೆಗೆ ಕಾಲ ಬದಲಾಗಿದೆ. ಕ್ಲಚ್ಚಿನ ಪೆಡಲೇ ಇಲ್ಲದ, ತಾನಾಗಿ ಗೇರು ಬದಲಿಸುವ ಫೋರ್‌ವೀಲ್ ಗಾಡಿಗಳು ನಮ್ಮ ಊರುಗಳಿಗೂ ಬಂದಿವೆ. 2020ರಲ್ಲಿ ಬಂದ ಹೊಸ ಥಾರ್, 2023ರಲ್ಲಿ ಬಂದ ಜಿಮ್ನಿ, ಇನ್ನೂ ಹಲವು ದೊಡ್ಡ ಗಾಡಿಗಳು ಈ ಬಗೆಯಲ್ಲಿಯೂ ದೊರೆಯುತ್ತವೆ. ಇವುಗಳ ಮರ್ಮ ಟಾರ್ಕ್ ಕನ್ವರ್ಟರು ಎಂಬ ಭಾಗದಲ್ಲಿದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ ಎಂಬ ಎಂಜಿನಿಯರು ಹಡಗುಗಳಿಗಾಗಿ ಇದನ್ನು ರೂಪಿಸಿ 1905ರಲ್ಲಿ ಹಕ್ಕುಪತ್ರ ಪಡೆದ. ಅದರ ತತ್ತ್ವ ನಮ್ಮ ಅಡಿಗೆಮನೆಗೆ ಅಪರಿಚಿತವಲ್ಲ. ಮೊಸರಿನ ಪಾತ್ರೆಯಲ್ಲಿ ಕಡೆಗೋಲು ತಿರುಗಿದರೆ ಮೊಸರೂ ತಿರುಗುತ್ತದೆ. ಆ ಮೊಸರಿನಲ್ಲಿ ಇನ್ನೊಂದು ಚಕ್ರವನ್ನು ಇಳಿಬಿಟ್ಟರೆ ಅದೂ ತಿರುಗೀತು. ಎಂಜಿನ್ನು ತಿರುಗಿಸುವ ಚಕ್ರವು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆಯು ಎದುರಿನ ಚಕ್ರವನ್ನು ತಿರುಗಿಸುತ್ತದೆ. ಎರಡರ ನಡುವೆ ಕಬ್ಬಿಣದ ಸಂಬಂಧವಿಲ್ಲ, ಎಣ್ಣೆಯ ಸಂಬಂಧ ಮಾತ್ರ. ಆದ್ದರಿಂದ ಗಾಡಿ ನಿಂತರೂ ಎಂಜಿನ್ನು ನಿಲ್ಲುವುದಿಲ್ಲ, ಹೊರಡುವಾಗ ಕುಲುಕುವುದೂ ಇಲ್ಲ. ಈ ಸುಖಕ್ಕೆ ತೆರುವ ಬೆಲೆ ಜಾರಿಕೆ. ಒಂದು ಚಕ್ರ ತಿರುಗಿದಷ್ಟೂ ಇನ್ನೊಂದು ತಿರುಗುವುದಿಲ್ಲ. ನಡುವೆ ಕಳೆದುಹೋದ ಬಲವೆಲ್ಲ ಎಣ್ಣೆಯಲ್ಲಿ ಕಾವಾಗಿ ಉಳಿಯುತ್ತದೆ. ಸಮದಾರಿಯಲ್ಲಿ ವೇಗ ಕೂಡಿದ ಮೇಲೆ ಎರಡು ಚಕ್ರಗಳನ್ನೂ ಒಂದಾಗಿ ಬಿಗಿಯುವ ಏರ್ಪಾಡು ಉಂಟು, ಆಗ ಜಾರಿಕೆಯಿಲ್ಲ. ಮೆಲ್ಲನೆ, ಭಾರ ಹೊತ್ತು, ತಿರುವಿಂದ ತಿರುವಿಗೆ ಏರುವಾಗ ಆ ಬಿಗಿತ ಕೂಡುವುದು ಕಡಿಮೆ. ನಮ್ಮ ಘಟ್ಟಗಳ ಸ್ವಭಾವವೇ ಅದು.

ಲೆಕ್ಕ ಹಾಕಿ ನೋಡಬಹುದು. 2000 ಕಿಲೋಗ್ರಾಂ ತೂಕದ ಗಾಡಿಯನ್ನು 600 ಮೀಟರು ಎತ್ತರಕ್ಕೆ ಒಯ್ಯಲು ಬೇಕಾದ ಕೆಲಸ ಸುಮಾರು 3.3 ಯೂನಿಟ್ಟು ವಿದ್ಯುತ್ತಿಗೆ ಸಮ. ಅಂದರೆ ಒಂದು ಅಶ್ವಶಕ್ತಿಯ ಪಂಪು ನಾಲ್ಕು ತಾಸಿಗೂ ಮಿಕ್ಕಿ ಮಾಡುವ ಕೆಲಸ. ಇದನ್ನು ಗಾಡಿ ಒಂದು ಗಂಟೆಯೊಳಗೆ ಮುಗಿಸುತ್ತದೆ. ಎಂಜಿನ್ನಿನಿಂದ ಹೊರಟ ಬಲದಲ್ಲಿ ಐದರಲ್ಲೊಂದು ಪಾಲು ಎಣ್ಣೆಯ ಜಾರಿಕೆಯಲ್ಲಿ ಹೋಯಿತೆಂದು ಇಟ್ಟುಕೊಂಡರೆ, ಆ ಕಾವು ಒಂಬತ್ತು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಇಷ್ಟೂ ಕಾವು ಗೇರ್‌ಬಾಕ್ಸಿನೊಳಗಿನ ಕೆಲವೇ ಲೀಟರು ಎಣ್ಣೆಯ ಪಾಲಿಗೆ ಬರುತ್ತದೆ.

ಆ ಎಣ್ಣೆ ಬರಿಯ ಜಾರು ದ್ರವವಲ್ಲ. ಬಲವನ್ನು ಸಾಗಿಸುವುದೂ ಅದೇ, ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ ಅದೇ, ತಂಪು ಮಾಡುವುದೂ ಅದೇ. ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಅದು ಸುಖವಾಗಿರುತ್ತದೆ. ಅಲ್ಲಿಂದಾಚೆಗೆ ಪ್ರತಿ ಹತ್ತು ಹನ್ನೊಂದು ಡಿಗ್ರಿಗೆ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆಂದು ಈ ಕಸುಬಿನವರ ಹಳೆಯ ಅಂದಾಜು. 120 ದಾಟಿದ ಮೇಲೆ ಎಣ್ಣೆ ಕಪ್ಪಾಗತೊಡಗುತ್ತದೆ, ರಬ್ಬರಿನ ಸೀಲುಗಳು ಗಡುಸಾಗುತ್ತವೆ, ಕ್ಲಚ್ಚುಗಳ ಮೇಲ್ಪದರ ಸುಡುತ್ತದೆ. ಕಷ್ಟವೆಂದರೆ ಇದು ಹೊರಗೆ ಕಾಣುವುದಿಲ್ಲ. ಹಬೆಯಿಲ್ಲ, ಸದ್ದಿಲ್ಲ. ರೇಡಿಯೇಟರಿನ ಮುಳ್ಳು ತೋರಿಸುವುದು ನೀರಿನ ಕಾವನ್ನೇ ಹೊರತು ಈ ಎಣ್ಣೆಯ ಕಾವನ್ನಲ್ಲ.

ಇದರಿಂದ ಏನಾಗಬಹುದೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ತಂಗಿಯ ಮಗನ ಮನೆ ಸಿದ್ದಾಪುರ ತಾಲೂಕಿನ ಒಂದು ಕೊಳ್ಳದಲ್ಲಿದೆ. ಹತ್ತು ವರ್ಷ ಹಳೆಯದಾದ, ಭಾರವಾದ, ತಾನಾಗಿ ಗೇರು ಬದಲಿಸುವ ಫೋರ್‌ವೀಲ್ ಗಾಡಿಯೊಂದನ್ನು ಅವನು ಕೊಂಡಿದ್ದ. ಒಂದು ಮಳೆಗಾಲದ ರಾತ್ರಿ ನೆರೆಮನೆಯ ಮುದುಕಿಗೆ ಎದೆನೋವು ಕಾಣಿಸಿಕೊಂಡಿತು. ಶಿರಸಿಯ ಆಸ್ಪತ್ರೆಗೆ ಹೊರಟೆವು. ನಾನೂ ಜೊತೆಗಿದ್ದೆ. ಮೊದಲು ಕೆಸರಿನ ಏರು, ಚಕ್ರಗಳು ಬಹಳ ಹೊತ್ತು ಹೊರಳಿದವು. ಬಳಿಕ ಡಾಂಬರು ರಸ್ತೆಯಲ್ಲಿ ಭಾರದ ಲಾರಿಯೊಂದರ ಹಿಂದೆ ಆಮೆಯ ನಡಿಗೆ. ತಿರುವೊಂದರಲ್ಲಿ ಎದುರಿನ ಫಲಕದ ಮೇಲೆ ಎಚ್ಚರಿಕೆಯ ದೀಪ ಹತ್ತಿತು. ಎಂಜಿನ್ನು ಮೊರೆಯಿತೇ ಹೊರತು ಗಾಡಿ ಮುಂದೆ ಸಾಗಲಿಲ್ಲ. ಹುಡುಗ ಬುದ್ಧಿವಂತ. ಗಾಡಿಯನ್ನು ಬದಿಗೆ ಹಚ್ಚಿ, ಗೇರು ತಪ್ಪಿಸಿ, ಎಂಜಿನ್ನನ್ನು ಆರಿಸದೆ ಬಿಟ್ಟ. ಎಂಜಿನ್ನು ತಿರುಗುತ್ತಿದ್ದರಷ್ಟೇ ಎಣ್ಣೆ ಸುತ್ತಾಡಿ ತಣಿಯುತ್ತದೆಂಬುದು ಅವನಿಗೆ ಗೊತ್ತಿತ್ತು. ಅರ್ಧ ಗಂಟೆ ಆ ಮಳೆಯಲ್ಲಿ ಕುಳಿತೆವು. ಆ ದಾರಿಯಲ್ಲಿ ಫೋನಿಗೂ ಸಂಕೇತ ಸಿಗದು. "ಇನ್ನು ಹತ್ತು ನಿಮಿಷ, ಮಾವ" ಎಂದು ಅವನು ನನಗೆ ಮೂರು ಸಲ ಹೇಳಿದ. ಹಿಂದಿನ ಆಸನದಲ್ಲಿ ಮಲಗಿದ್ದ ಮುದುಕಿ ಅವನನ್ನು ಬಯ್ಯಲಿಲ್ಲ. "ಗಾಡಿಗೂ ಆಸರಾತು ಕಾಣ್ತು, ತಮಾ" ಎಂದಳು. ನಮ್ಮ ಹವ್ಯಕರ ಮಾತಿನಲ್ಲಿ ಆಸರು ಎಂದರೆ ಬಾಯಾರಿಕೆ. ಮನೆಗೆ ಬಂದವರನ್ನು ಮೊದಲು ಕೇಳುವುದೇ ಆಸರಿಗೆ ಏನು ಬೇಕೆಂದು. ದೀಪ ಆರಿದ ಮೇಲೆ ಮೆಲ್ಲನೆ ಶಿರಸಿ ಸೇರಿದೆವು. ಮುದುಕಿ ಉಳಿದಳು. ಆದರೆ ಆ ಅರ್ಧ ಗಂಟೆ ಎಷ್ಟು ಉದ್ದವಿತ್ತೆಂಬುದನ್ನು ಅವಳ ಮಗ ಇಂದಿಗೂ ಹೇಳುತ್ತಾನೆ.

ಇದಕ್ಕೆ ಪರಿಹಾರವಾಗಿ ನನ್ನ ಅಳಿಯ ಹಾಕಿಸಿದ್ದು ಗೇರ್‌ಬಾಕ್ಸಿನ ಎಣ್ಣೆಗೆಂದೇ ಇರುವ ಪ್ರತ್ಯೇಕ ಕೂಲರು. ಇದು ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಥ ಅನೇಕ ಗಾಡಿಗಳಲ್ಲಿ ಕಂಪನಿಯೇ ಒಂದು ಏರ್ಪಾಡು ಮಾಡಿರುತ್ತದೆ: ಬಿಸಿ ಎಣ್ಣೆಯನ್ನು ಕೊಳವೆಯ ಮೂಲಕ ರೇಡಿಯೇಟರಿನೊಳಗೆ ಹಾಯಿಸಿ, ಎಂಜಿನ್ನಿನ ನೀರಿನಿಂದಲೇ ತಂಪು ಮಾಡಿ ಮರಳಿ ಕಳಿಸುವುದು. ಆದರೆ ಆ ನೀರೇ 90 ಡಿಗ್ರಿಯ ಆಸುಪಾಸಿನಲ್ಲಿರುವಾಗ ಎಣ್ಣೆ ಅದಕ್ಕಿಂತ ಕೆಳಗೆ ಇಳಿಯುವುದೆಂತು? ಹೊಸ ಕೂಲರು ಗಾಳಿಯಿಂದ ತಣಿಸುವಂಥದು. ಅಲ್ಯೂಮಿನಿಯಮ್ಮಿನ ತೆಳು ತಗಡುಗಳ ನಡುವೆ ಎಣ್ಣೆ ಹರಿಯುತ್ತದೆ, ತಗಡುಗಳ ಸಂದಿನಲ್ಲಿ ಗಾಳಿ ಹಾಯುತ್ತದೆ. ಇದನ್ನು ಸಾಮಾನ್ಯವಾಗಿ ರೇಡಿಯೇಟರಿನ ಮುಂದೆ, ಗಾಳಿ ನೇರವಾಗಿ ಬಡಿಯುವಲ್ಲಿ ಕೂರಿಸುತ್ತಾರೆ. ಎಣ್ಣೆ ಮೊದಲು ರೇಡಿಯೇಟರನ್ನು ಹಾದು, ಅನಂತರ ಈ ಕೂಲರನ್ನು ಹಾದು ಗೇರ್‌ಬಾಕ್ಸಿಗೆ ಮರಳಬೇಕು. ಕಡೆಯ ತಂಪು ಗಾಳಿಯದಾಗಬೇಕು.

ಕೆಲಸ ಸಣ್ಣದು, ಆದರೆ ಅಲಕ್ಷ್ಯವನ್ನು ಸಹಿಸುವಂಥದಲ್ಲ. ಮೊದಲ ಸಲ ಜೋಡಿಸಿದ ಗ್ಯಾರೇಜಿನವರು ಕೈಗೆ ಸಿಕ್ಕ ಸಾಧಾರಣ ರಬ್ಬರು ಪೈಪನ್ನು ಹಾಕಿದ್ದರು. ಬಿಸಿ ಎಣ್ಣೆಗೆ ಅದು ಮೆತ್ತಗಾಗಿ ಒಂದೇ ತಿಂಗಳಲ್ಲಿ ಜಿನುಗತೊಡಗಿತು. ಎಣ್ಣೆ ಸೋರಿಹೋದರೆ ಗೇರ್‌ಬಾಕ್ಸು ಬಿಸಿಗಿಂತ ಬೇಗ ಹಾಳಾಗುತ್ತದೆ, ಮದ್ದೇ ರೋಗವಾದಂತೆ. ಎರಡನೆಯ ಸಲ ಬೇರೆ ಮೇಸ್ತ್ರಿಯೊಬ್ಬರು ಬಿಸಿ ಎಣ್ಣೆಯನ್ನೂ ಒತ್ತಡವನ್ನೂ ತಾಳುವ ಪೈಪನ್ನೇ ತರಿಸಿದರು. ಅದನ್ನು ಎಲ್ಲಿಯೂ ಚೂಪಾಗಿ ಮಡಿಸದೆ, ಹೊಗೆಕೊಳವೆಗೆ ತಾಗದಂತೆ, ಅಲುಗಾಟಕ್ಕೆ ಉಜ್ಜದಂತೆ ಹಿಡಿಕೆ ಹಾಕಿ ಒಯ್ದರು. ಕೂಲರನ್ನು ರೇಡಿಯೇಟರಿನ ತಗಡಿಗೆ ಕಟ್ಟದೆ ಗಾಡಿಯ ಚೌಕಟ್ಟಿಗೆ ಬಿಗಿದರು. ಎಣ್ಣೆ ಕಾಯುವವರೆಗೆ ಕೂಲರಿನ ದಾರಿಯನ್ನು ಮುಚ್ಚಿ, ಕಾದ ಮೇಲೆ ತೆರೆಯುವ ಕವಾಟವೊಂದನ್ನು ನಡುವೆ ಸೇರಿಸಿದರು. ಅತಿ ತಂಪಾದ ಎಣ್ಣೆಯೂ ಮಂದವಾಗಿ ಕೆಲಸಕ್ಕೆ ಬಾರದು. ಕೂಲರಿಗೂ ಕೊಳವೆಗಳಿಗೂ ಹಿಡಿಸಿದಷ್ಟು ಎಣ್ಣೆಯನ್ನು ಮತ್ತೆ ತುಂಬಿ, ಕಂಪನಿಯ ಪುಸ್ತಕ ಹೇಳಿದ ಕಾವಿನಲ್ಲಿ ಮಟ್ಟ ನೋಡಿದರು. ಕೊನೆಗೆ ಎಣ್ಣೆಯ ಕಾವನ್ನು ತೋರಿಸುವ ಒಂದು ಮಾಪಕವನ್ನು ಚಾಲಕನ ಎದುರಿಗೆ ಇಟ್ಟರು. ಈ ಎಲ್ಲದರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಆ ಮಾಪಕ. ಗಾಡಿಕಾರನಿಗೆ ಎತ್ತಿನ ಬಾಯಿಯ ನೊರೆ ಹೇಳುತ್ತಿದ್ದುದನ್ನು ಈಗ ಅದು ಹೇಳುತ್ತದೆ.

ಹಾಗಾದರೆ ಎಲ್ಲರೂ ಕೂಲರು ಹಾಕಿಸಬೇಕೇ? ಬೇಡ. ಹಳೆಯ ಜೀಪಿನಂಥ, ಕೈಯಿಂದ ಗೇರು ಹಾಕುವ ಗಾಡಿಗೆ ಇದರ ಅಗತ್ಯವಿಲ್ಲ. ಪೇಟೆಯಲ್ಲಿ ಓಡಾಡುವ, ವರ್ಷಕ್ಕೆ ಎರಡು ಸಲ ಕುಮಟೆಗೆ ಇಳಿಯುವ ಗಾಡಿಗೆ ಕಂಪನಿಯ ಏರ್ಪಾಡೇ ಸಾಕು. ಹೊಸ ಗಾಡಿಯವರು ಮೊದಲು ಖಾತರಿಪತ್ರವನ್ನು ಓದಿ, ಮಾರಿದವರನ್ನು ಕೇಳಿ ಮುಂದುವರಿಯುವುದು ಲೇಸು. ನಿತ್ಯ ಭಾರ ಹೊರುವವರು, ಹಿಂದೆ ಟ್ರೇಲರು ಎಳೆಯುವವರು, ಕೊಳ್ಳದಿಂದ ದಿನವೂ ಏರಿಳಿಯುವವರು ಯೋಚಿಸಬೇಕಾದ ಮಾತಿದು. ಹಾಕಿಸಿದವರು ಮಳೆಗಾಲ ಮುಗಿದೊಡನೆ ಕೂಲರಿನ ಸಂದುಗಳಲ್ಲಿ ಕಟ್ಟಿದ ಕೆಸರನ್ನೂ ತರಗೆಲೆಯನ್ನೂ ಮೆಲುವಾದ ನೀರಿನಿಂದ ತೊಳೆಯಬೇಕು. ಗಾಳಿ ಹಾಯದ ಕೂಲರು ಗಾಡಿಗೆ ಬರಿಯ ಹೊರೆ.

ಇದಕ್ಕೂ ಮೊದಲು ಮಾಡಬೇಕಾದ, ಕಾಸು ಬೇಡದ ಉಪಾಯವೊಂದಿದೆ. ಫೋರ್‌ವೀಲ್ ಗಾಡಿಗಳಲ್ಲಿ ಲೋ ಗೇರು ಎಂಬುದಿರುತ್ತದೆ. ಕೆಸರಿನ ಕಡಿದಾದ ಏರಿನಲ್ಲಿ ಅದನ್ನು ಹಾಕಿದರೆ ಚಕ್ರಗಳು ಮೆಲ್ಲನೆ, ಬಲವಾಗಿ ತಿರುಗುತ್ತವೆ. ಕನ್ವರ್ಟರಿನ ಜಾರಿಕೆ ತಗ್ಗುತ್ತದೆ, ಕಾವೂ ತಗ್ಗುತ್ತದೆ. ಗಾಡಿಯಲ್ಲಿ ಅದು ಇದ್ದೂ ಅನೇಕರು ಅದರ ಹಿಡಿಕೆಯನ್ನು ಮುಟ್ಟುವುದಿಲ್ಲ. ಡಾಂಬರಿನ ತಿರುವುಗಳಲ್ಲಿ ಮಾತ್ರ ಅದು ಸಲ್ಲದು. ಹಿಡಿತವಿರುವ ನೆಲದಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎಳೆದಾಟವಾಗುತ್ತದೆ.

2021ರ ಜುಲೈಯ ಮಳೆಯಲ್ಲಿ ಅರಬೈಲು ಘಟ್ಟದ ರಸ್ತೆ ಕುಸಿಯಿತು, ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟಮನೆಗಳ ಮೇಲೆ ಬಂತು. ಅಂಥ ದಿನಗಳಲ್ಲಿ ಸುತ್ತುಬಳಸಿನ ಕಚ್ಚಾದಾರಿಗಳಲ್ಲಿ ರೋಗಿಗಳನ್ನೂ ಬಾಣಂತಿಯರನ್ನೂ ದಾಟಿಸಲು ನಾವು ನಂಬುವುದು ಊರಿನ ಫೋರ್‌ವೀಲ್ ಗಾಡಿಯನ್ನೇ. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕಾದ ನಮಗೆ ಗಾಡಿ ಚಂದದ ವಸ್ತುವಲ್ಲ, ಆಪತ್ತಿನ ನೆಂಟ. ಅದರ ಬಣ್ಣಕ್ಕೂ ದೀಪಗಳಿಗೂ ಸಾವಿರಗಟ್ಟಲೆ ಸುರಿಯುವ ತರುಣರು, ಒಳಗಿನ ಎಣ್ಣೆ ಎಷ್ಟು ಕಾದಿದೆ, ಯಾವಾಗ ಬದಲಿಸಿದ್ದು ಎಂಬುದನ್ನು ಒಮ್ಮೆ ವಿಚಾರಿಸಿಕೊಂಡರೆ ಸಾಕು. ಸುಖ ಕೊಡುವ ಯಂತ್ರವು ತನ್ನ ದಣಿವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಅದನ್ನು ಕೇಳಿ ತಿಳಿಯಬೇಕಾದವರು ಅದರ ಸುಖ ಉಂಡವರೇ. ಮುಂದಿನ ಮಳೆಗಾಲಕ್ಕೆ ಮೊದಲು ಅಷ್ಟು ಮಾಡಿರೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.

(ಬಾನುಲಿ ಭಾಷಣ)