ಕಾಲೇಜಿನ ಲೆಕ್ಕಕ್ಕೆ ತಕ್ಕ ಸ್ಪ್ರೆಡ್‌ಶೀಟ್

ನೀವು ವಾಣಿಜ್ಯ ಓದುತ್ತಿರಬಹುದು, ಅರ್ಥಶಾಸ್ತ್ರವನ್ನೋ ವಿಜ್ಞಾನವನ್ನೋ ಓದುತ್ತಿರಬಹುದು. ಒಂದಲ್ಲ ಒಂದು ದಿನ ನಿಮ್ಮ ಅಧ್ಯಾಪಕರು, "ಈ ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ಮಾಡಿಕೊಂಡು ಬನ್ನಿ" ಎನ್ನುತ್ತಾರೆ. ಆಗ ಪ್ರಶ್ನೆ ಏಳುತ್ತದೆ: ಯಾವ ತಂತ್ರಾಂಶ ಬಳಸಬೇಕು? ದುಡ್ಡು ಕೊಟ್ಟೇ ಕೊಳ್ಳಬೇಕೆ? ಉಚಿತವಾಗಿ ಸಿಗುವುದು ಸಾಲದೆ? ಇಂದು ಈ ವಿಷಯವನ್ನು ಕುರಿತು ವಿಚಾರ ಮಾಡೋಣ.

ಸ್ಪ್ರೆಡ್‌ಶೀಟ್ ಎಂದರೆ ಅಡ್ಡಸಾಲು, ಕಂಬಸಾಲುಗಳಿಂದ ಚೌಕ ಚೌಕವಾದ ಲೆಕ್ಕದ ಹಾಳೆ. ಒಂದು ಚೌಕದ ಅಂಕಿಯನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಉತ್ತರಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ಈ ಕಲ್ಪನೆ ಹುಟ್ಟಿದ್ದು ಒಬ್ಬ ವಿದ್ಯಾರ್ಥಿಯ ತಲೆಯಲ್ಲಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ 1978ರಲ್ಲಿ ಇದನ್ನು ಯೋಚಿಸಿದರು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ 1979ರಲ್ಲಿ 'ವಿಸಿಕ್ಯಾಲ್ಕ್' ಎಂಬ ಹೆಸರಿನಲ್ಲಿ ಹೊರತಂದರು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಮೈಕ್ರೋಸಾಫ್ಟ್ ಎಕ್ಸೆಲ್ ಬಂದವು.

ಇಂದು ವಿದ್ಯಾರ್ಥಿಗಳ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಎಕ್ಸೆಲ್. ಕಚೇರಿಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಇದರ ಬಳಕೆ ಹೆಚ್ಚು. ಪೂರ್ಣ ಆವೃತ್ತಿಗೆ ಹಣ ಕೊಡಬೇಕು. ಆದರೆ ಅರ್ಹ ಕಾಲೇಜುಗಳ ಇ-ಮೇಲ್ ವಿಳಾಸವಿದ್ದರೆ ಅಂತರಜಾಲದ ಮೂಲಕ ಬಳಸುವ ಆವೃತ್ತಿ ಉಚಿತ. ಎರಡನೆಯದು ಗೂಗಲ್ ಶೀಟ್ಸ್. ನಾಲ್ಕು ಜನ ಕೂಡಿ ಒಂದೇ ಹಾಳೆಯಲ್ಲಿ ಕೆಲಸ ಮಾಡುವುದಕ್ಕೆ ಇದು ಬಹಳ ಅನುಕೂಲ. ಮೂರನೆಯದು ಲಿಬ್ರೆಆಫೀಸ್ ಕ್ಯಾಲ್ಕ್. ಪೂರ್ತಿ ಉಚಿತ. ಒಮ್ಮೆ ಗಣಕಯಂತ್ರಕ್ಕೆ ಹಾಕಿಕೊಂಡರೆ ಅಂತರಜಾಲವಿಲ್ಲದೆಯೂ ನಡೆಯುತ್ತದೆ.

ಇವುಗಳಲ್ಲಿ ಯಾವುದು ನಿಮಗೆ ತಕ್ಕದ್ದು? ಮೊದಲು ನಿಮಗೆ ಬೇಕಾದ ಕೆಲಸವನ್ನು ನೋಡಿಕೊಳ್ಳಿ. ಮೊತ್ತ, ಸರಾಸರಿ, ಬಡ್ಡಿಯ ಲೆಕ್ಕ, ನಕ್ಷೆಗಳಿಗೆ ಮೂರರಲ್ಲಿ ಯಾವುದಾದರೂ ಸಾಕು. ಪಾಠದಲ್ಲಿ ಎಕ್ಸೆಲ್‌ನ ಮ್ಯಾಕ್ರೋಗಳನ್ನೇ ಬರೆಯಿಸುತ್ತಿದ್ದರೆ, ಅಥವಾ ಅದರ 'ಡೇಟಾ ಅನಾಲಿಸಿಸ್' ಸಲಕರಣೆಯನ್ನೇ ಹೇಳಿದ್ದರೆ, ಗಣಕಯಂತ್ರದಲ್ಲಿ ಸ್ಥಾಪಿಸಿದ ಎಕ್ಸೆಲ್ ಬೇಕು. ಅದು ನಿಮ್ಮಲ್ಲಿ ಇಲ್ಲದಿದ್ದರೆ ಕಾಲೇಜಿನ ಪ್ರಯೋಗಾಲಯವನ್ನು ಬಳಸಿಕೊಳ್ಳಿ. ಕದ್ದ ಪ್ರತಿಯನ್ನು ಹಾಕಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ. ಜೊತೆಗೆ ವೈರಸ್ ಬಂದು ಮಾಡಿದ ಕೆಲಸವೆಲ್ಲ ಹಾಳಾಗುವ ಭಯವೂ ಇದೆ.

ಎರಡನೆಯದಾಗಿ, ನಿಮ್ಮ ಕಡತವನ್ನು ಅಧ್ಯಾಪಕರು ಯಾವುದರಲ್ಲಿ ತೆರೆಯುತ್ತಾರೆ ಎಂಬುದನ್ನು ಕೇಳಿ ತಿಳಿಯಿರಿ. ಕ್ಯಾಲ್ಕ್ ಮತ್ತು ಶೀಟ್ಸ್ ಎರಡರಿಂದಲೂ ಎಕ್ಸೆಲ್ ಮಾದರಿಯ ಕಡತವನ್ನು ಪಡೆಯಬಹುದು. ಹಾಗೆ ಮಾಡಿದ ಮೇಲೆ ಬೇರೊಂದು ಗಣಕಯಂತ್ರದಲ್ಲಿ ತೆರೆದು ನೋಡುವುದು ಒಳ್ಳೆಯದು. ದಿನಾಂಕಗಳ ಬಗ್ಗೆ ವಿಶೇಷ ಎಚ್ಚರವಿರಲಿ. ನೀವು 5-6 ಎಂದು ಬರೆದದ್ದು ಜೂನ್ 5. ಅಮೆರಿಕದ ಪದ್ಧತಿಗೆ ಹೊಂದಿಸಿದ ಯಂತ್ರ ಅದನ್ನು ಮೇ 6 ಎಂದು ಓದುತ್ತದೆ. 'ಸಿಎಸ್‌ವಿ' ಮಾದರಿಯಲ್ಲಿ ಉಳಿಸಿದರೆ ಅಂಕಿಗಳು ಮಾತ್ರ ಉಳಿಯುತ್ತವೆ, ಸೂತ್ರಗಳು ಹೋಗುತ್ತವೆ.

ಸೂತ್ರಗಳು ಏಕೆ ಉಳಿಯಬೇಕು ಎಂಬುದಕ್ಕೆ ಒಂದು ನಿದರ್ಶನವಿದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ರಾಷ್ಟ್ರೀಯ ಉತ್ಪನ್ನದ ಶೇಕಡಾ 90ನ್ನು ಮೀರಿದ ದೇಶಗಳಲ್ಲಿ ಬೆಳವಣಿಗೆ ಸರಾಸರಿ ಶೇಕಡಾ 0.1ರಷ್ಟು ಇಳಿಮುಖ ಎಂದು ಅದರಲ್ಲಿ ಹೇಳಿತ್ತು. ಸರ್ಕಾರಿ ವೆಚ್ಚವನ್ನು ಕಡಿತಗೊಳಿಸಬೇಕೆನ್ನುವವರಿಗೆ ಅದು ಆಧಾರವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕವನ್ನು ಮಾಡಿದಾಗ ಉತ್ತರ ತಾಳೆಯಾಗಲಿಲ್ಲ. ಲೇಖಕರು ತಮ್ಮ ಎಕ್ಸೆಲ್ ಹಾಳೆಯನ್ನೇ ಕಳುಹಿಸಿಕೊಟ್ಟರು. ಸರಾಸರಿಯ ಸೂತ್ರ 20 ದೇಶಗಳ ಪೈಕಿ 5 ದೇಶಗಳನ್ನು ಬಿಟ್ಟಿತ್ತು! ಅಂಕಿ ಅಂಶಗಳ ಆಯ್ಕೆ ಮತ್ತು ತೂಕದ ಬಗ್ಗೆಯೂ ಹರ್ನ್‌ಡನ್ ಆಕ್ಷೇಪ ಎತ್ತಿದರು. ಅವೆಲ್ಲವನ್ನೂ ಸರಿಪಡಿಸಿ, 2013ರಲ್ಲಿ ತಮ್ಮ ಇಬ್ಬರು ಪ್ರಾಧ್ಯಾಪಕರೊಡನೆ ಪ್ರಕಟಿಸಿದ ಉತ್ತರ ಶೇಕಡಾ 2.2ರ ಬೆಳವಣಿಗೆ. ಸೂತ್ರದ ದೋಷವನ್ನು ಲೇಖಕರು ಒಪ್ಪಿಕೊಂಡರು. ಉಳಿದ ಆಕ್ಷೇಪಗಳನ್ನು ಒಪ್ಪಲಿಲ್ಲ.

ಇಲ್ಲಿ ತಂತ್ರಾಂಶದ ದೋಷವೇನೂ ಇರಲಿಲ್ಲ. ಅದೇ ಸೂತ್ರವನ್ನು ಕ್ಯಾಲ್ಕ್‌ನಲ್ಲಿ ಬರೆದಿದ್ದರೂ ಅದೇ ಉತ್ತರ ಬರುತ್ತಿತ್ತು. ಬರಿಯ ಉತ್ತರಗಳನ್ನು ಅಚ್ಚು ಮಾಡಿ ಕೊಟ್ಟಿದ್ದರೆ ಬಿಟ್ಟುಹೋದ ಆ ಐದು ದೇಶಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಆದುದರಿಂದ ನಿಮ್ಮ ಹಾಳೆಯಲ್ಲಿ ಉತ್ತರವನ್ನು ಕೈಯಿಂದ ತುಂಬಬೇಡಿ, ಸೂತ್ರವನ್ನು ಬರೆಯಿರಿ. ಸೂತ್ರ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಹೋಗಿದೆ ಎಂದು ನೋಡಿ. ಒಂದೆರಡು ಮೊತ್ತಗಳನ್ನು ಕಾಗದದ ಮೇಲೆ ಮಾಡಿ ತಾಳೆ ಹಾಕಿ.

ಬೆಲೆ ಹೆಚ್ಚಿನ ತಂತ್ರಾಂಶ ಇಲ್ಲವೆಂದು ಯಾರೂ ಕೀಳರಿಮೆ ಪಡಬೇಕಾಗಿಲ್ಲ. ನಿಮ್ಮ ಕೆಲಸವನ್ನು ಮಾಡಿಕೊಡುವ, ಅಧ್ಯಾಪಕರು ತೆರೆದು ಪರೀಕ್ಷಿಸಬಲ್ಲ ತಂತ್ರಾಂಶವೇ ನಿಮಗೆ ಸರಿಯಾದ ತಂತ್ರಾಂಶ.